ಸಮೆರಾಗೆ ಬರುವ ಮುಂಚೆ ನಾಲ್ಕು ಅಫಾರ್ ಮಾತು

ಇಥಿಯೋಪಿಯಾದ ಅಫಾರ್ ಪ್ರಾಂತ್ಯದ ರಾಜಧಾನಿ ಸಮೆರಾದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು ಅಂತ ಬರೆದಿದ್ದೀರಿ, ತುಂಬ ಸಂತೋಷ. ದೇಶದ ಆಡಳಿತ ಭಾಷೆ ಅಮ್ಹಾರಿಕ್ ಒಂದೇ ಕಲಿತರೆ ಸಾಕಾ, ಗಂಡಸರನ್ನು ಹೆಂಗಸರನ್ನು ಹೇಗೆ ಮಾತಾಡಿಸುವುದು ಅಂತ ಕೇಳಿದ್ದೀರಿ. ಸೆಕೆಯ ವಿಷಯ ನಾನು ಹೇಳುವುದೇ ಬೇಡ, ಬಸ್ಸಿನಿಂದ ಇಳಿದ ಕೂಡಲೇ ಗೊತ್ತಾಗುತ್ತದೆ.

ಕಚೇರಿ, ಬ್ಯಾಂಕಿಗೆ ಅಮ್ಹಾರಿಕ್ ಸಾಕು. ಅದರಲ್ಲಿ 'ನೀನು' ಅನ್ನಲು ಗಂಡಸಿಗೆ 'ಅಂತೆ', ಹೆಂಗಸಿಗೆ 'ಅಂಚಿ'. ಆದರೆ ಊರು ಅಫಾರರದು, ಅವರ ಭಾಷೆ ಬೇರೆ. ಎದುರಿಗಿರುವವರು ಗಂಡಾಗಲಿ ಹೆಣ್ಣಾಗಲಿ ಅಲ್ಲಿ 'ಅತು'. ಇಷ್ಟಕ್ಕೇ ಸುಲಭ ಅಂದುಕೊಳ್ಳಬೇಡಿ. 'ಅವನು ಬಂದ' ಅನ್ನುವುದಕ್ಕೆ 'ಯೆಮೇತೆ', 'ಅವಳು ಬಂದಳು' ಅನ್ನುವುದಕ್ಕೆ 'ತೆಮೇತೆ'. 'ನೀನು ಬಂದೆ' ಅನ್ನುವುದಕ್ಕೂ ಅದೇ 'ತೆಮೇತೆ'! ಯಾರ ಮಾತು ನಡೀತಿದೆ ಅಂತ ಕಿವಿಗೊಟ್ಟು ಕೇಳಬೇಕು.

ಒಬ್ಬ ಗಂಡಸು 'ನುಮ್', ಹಲವರಾದರೆ 'ಲಬ್ಹ'. ಒಬ್ಬ ಹೆಂಗಸು 'ಬರ್ರ', ಹಲವರಾದರೆ 'ಅಗಬು'. ನಮ್ಮ ಹಾಗೆ ಕೊನೆಗೊಂದು 'ರು' ಸೇರಿಸಿದರೆ ನಡೆಯುವುದಿಲ್ಲ, ಪದವೇ ಬದಲು.

ನನಗೆ ಜಾಸ್ತಿ ಇಷ್ಟವಾದದ್ದು ಮಕ್ಕಳ ಪದ. ಅಫಾರ್ ಬರೆಯುವುದು ರೋಮನ್ ಲಿಪಿಯಲ್ಲಿ. ಬಿ, ಎ, ಎಕ್ಸ್, ಎ ಅಂತ ಬರೆದಿದ್ದನ್ನು ಹೊಸಬರು 'ಬಕ್ಸ' ಅಂತ ಓದುತ್ತಾರೆ. ಅದು 'ಬಡ'. ಎಕ್ಸ್ ಅಂದರೆ ನಾಲಿಗೆ ಮಡಚಿ ಹೇಳುವ ನಮ್ಮ ಡ-ದಂಥದ್ದೇ. ಯುರೋಪಿನವರು ಇಲ್ಲಿ ಒದ್ದಾಡುತ್ತಾರೆ, ನಮಗೆ ಕಷ್ಟವೇ ಇಲ್ಲ ಅಲ್ವಾ? ಆದರೆ 'ಬ' ಮೇಲೆ ಒತ್ತು ಕೊಟ್ಟರೆ ಮಗ, 'ಡ' ಮೇಲೆ ಒತ್ತು ಕೊಟ್ಟರೆ ಮಗಳು. ನಾವು ಕನ್ನಡದವರು ಒತ್ತಿನಿಂದ ಅರ್ಥ ಬೇರೆ ಮಾಡುವವರಲ್ಲ, ಹಾಗಾಗಿ ಇದು ಅಭ್ಯಾಸವಾಗುವುದು ನಿಧಾನ. 'ಮಗ ಹೇಗಿದ್ದಾನೆ' ಅಂತ ಕೇಳಲು ಹೊರಟು ಮಗಳನ್ನು ವಿಚಾರಿಸಿಬಿಡಬಹುದು. ಸುಮ್ನೆ ಇದ್ದುಬಿಡುವುದಕ್ಕಿಂತ ಕೇಳುವುದೇ ವಾಸಿ, ಜನ ನಗುತ್ತಾ ತಿದ್ದುತ್ತಾರೆ.

ಸಾಹೊ ಇದಕ್ಕೆ ತೀರ ಹತ್ತಿರದ ನುಡಿ. ಎರಿಟ್ರಿಯಾದಲ್ಲೂ ಉತ್ತರ ಇಥಿಯೋಪಿಯಾದ ಟಿಗ್ರಾಯ್‌ನ ಇರೋಬ್ ಜನರಲ್ಲೂ ಕೇಳಿಸುತ್ತದೆ. ಅಲ್ಲೂ ಗಂಡಸು 'ನುಮ್', ಹೆಂಗಸು ಮಾತ್ರ 'ನುಮ'. ಸಮೆರಾದಲ್ಲಿ ಅದರ ಅಗತ್ಯ ಅಷ್ಟೇನೂ ಬೀಳದು.

ಇನ್ನು ಹೆಸರು. ಜತೆಗೆ ಕೆಲಸ ಮಾಡುವ ಹೆಂಗಸರ ಎರಡನೇ ಹೆಸರು ಗಂಡನದಲ್ಲ, ಅಪ್ಪನದು. ಮದುವೆಯಾದರೂ ಬದಲಾಗುವುದಿಲ್ಲ. ಅಪ್ಪನ ಹೆಸರನ್ನು ಇನಿಷಿಯಲ್ ಮಾಡಿಕೊಳ್ಳುವ ನಮಗೆ ಇದು ಹೊಸದೇನಲ್ಲ. ಆದ್ದರಿಂದ ಗಂಡಸಾಗಲಿ ಹೆಂಗಸಾಗಲಿ, 'ಡಾಕ್ಟರ್' ಅಂಥ ಬಿರುದಿದ್ದರೆ ಅದರ ಜತೆಗೂ ಅವರ ಸ್ವಂತ ಹೆಸರು ಹಿಡಿದೇ ಕರೆಯಿರಿ.