ಅಮೆರಿಕನ್ ಫುಟ್ಬಾಲ್‌ನಲ್ಲಿ ಡಿಫೆನ್ಸ್ ಆಡುವವರ ವೃತ್ತಿಜೀವನ ಹೇಗಿರುತ್ತದೆ? ಒಬ್ಬ ಆಟಗಾರನ ಉದಾಹರಣೆ ಕೊಟ್ಟು ಹೇಳುತ್ತೀರಾ?

ಎಲ್ಲರೂ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಬಗ್ಗೆಯೇ ಮಾತಾಡುತ್ತಾರೆ, ಅವನನ್ನು ಹಿಡಿಯಲು ಓಡುವವರ ಬಗ್ಗೆ ಯಾರೂ ಹೇಳುವುದಿಲ್ಲ ಅನ್ನುವ ದೂರಿದೆ. ನಿಜ. ನಾನು ಜೇಮ್ಸ್ ಹ್ಯಾರಿಸನ್ ಬಗ್ಗೆ ಹೇಳುತ್ತೇನೆ. ಅವರಿಗಿಂತ ದೊಡ್ಡ ಹೆಸರುಗಳಿವೆ: ಲಾರೆನ್ಸ್ ಟೇಲರ್, ರೆಜಿ ವೈಟ್, ಈಚಿನವರಲ್ಲಿ ಆರನ್ ಡೊನಾಲ್ಡ್. ಆದರೆ ಅವರನ್ನೆಲ್ಲ ತಂಡಗಳು ಡ್ರಾಫ್ಟ್‌ನ, ಅಂದರೆ ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ವ್ಯವಸ್ಥೆಯ, ಮೊದಲ ಸುತ್ತಿನಲ್ಲೇ ತೆಗೆದುಕೊಂಡಿದ್ದವು. ಹ್ಯಾರಿಸನ್ ಯಾರಿಗೂ ಬೇಡವಾಗಿದ್ದರು. ಈ ಕೆಲಸ ಎಷ್ಟು ಸಣ್ಣ ದಾರದ ಮೇಲೆ ನಿಂತಿರುತ್ತದೆ ಅನ್ನೋದು ಅಂಥವರ ಕಥೆಯಲ್ಲೇ ಚೆನ್ನಾಗಿ ಕಾಣುತ್ತದೆ. ನಾನು ಅವರು ಹೆಚ್ಚು ಕಾಲ ಆಡಿದ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಅಭಿಮಾನಿ, ಸ್ವಲ್ಪ ಪಕ್ಷಪಾತ ಇದ್ದೇ ಇದೆ, ತಿಳಿದುಕೊಂಡೇ ಓದಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ತಂಡದಲ್ಲಿ ಆಕ್ರಮಣಕ್ಕೆ ಬೇರೆ ಹನ್ನೊಂದು ಜನ, ತಡೆಯಲು ಬೇರೆ ಹನ್ನೊಂದು ಜನ. ಚೆಂಡು ಇರುವ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಹಿಂದೆಯೇ ಕೆಡವಿದರೆ ಅದು ಸ್ಯಾಕ್. ಹ್ಯಾರಿಸನ್ ಆಡಿದ್ದು ಔಟ್‌ಸೈಡ್ ಲೈನ್‌ಬ್ಯಾಕರ್ ಆಗಿ. ಅಂದರೆ ಅಂಚಿನಲ್ಲಿ ನಿಂತು, ತನಗಿಂತ ದೊಡ್ಡ ದೇಹದವನನ್ನು ದಾಟಿ ಕ್ವಾರ್ಟರ್‌ಬ್ಯಾಕ್ ಹತ್ತಿರ ಹೋಗುವ ಕೆಲಸ. ಕೆಲವೊಮ್ಮೆ ನುಗ್ಗುವಂತೆ ನಟಿಸಿ ಹಿಂದೆ ಸರಿದು ಪಾಸ್ ತಡೆಯುವುದೂ ಅವರದೇ ಕೆಲಸ. ಈ ಎರಡನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹ್ಯಾರಿಸನ್ 1978ರಲ್ಲಿ ಒಹಾಯೋದ ಆಕ್ರನ್‌ನಲ್ಲಿ ಹುಟ್ಟಿದವರು. ಓದಿದ್ದು ಅಲ್ಲೇ ಹತ್ತಿರದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. 2002ರ ಡ್ರಾಫ್ಟ್‌ನಲ್ಲಿ ಏಳು ಸುತ್ತು ನಡೆದು, 250ಕ್ಕೂ ಹೆಚ್ಚು ಹುಡುಗರ ಹೆಸರು ಕೂಗಿದರು. ಇವರ ಹೆಸರು ಬರಲಿಲ್ಲ. ಆರಡಿ ಎತ್ತರ ನಮಗೆ ಜಾಸ್ತಿ ಅನ್ನಿಸಬಹುದು, ಆದರೆ ಆ ಜಾಗಕ್ಕೆ ಅದು ಗಿಡ್ಡ. ಸ್ಟೀಲರ್ಸ್ ಅಗ್ಗಕ್ಕೆ ಸೇರಿಸಿಕೊಂಡರು, ಬಿಟ್ಟರು, ಮತ್ತೆ ಸೇರಿಸಿಕೊಂಡರು, ಮತ್ತೆ ಬಿಟ್ಟರು. ಬಾಲ್ಟಿಮೋರ್ ರೇವನ್ಸ್ ತೆಗೆದುಕೊಂಡು ಜರ್ಮನಿಯ ರೈನ್ ಫೈರ್ ತಂಡಕ್ಕೆ ಆಡಲು ಕಳಿಸಿದರು. ಆಗ ಯುರೋಪಿನಲ್ಲಿ ಅಮೆರಿಕದ ಮುಖ್ಯ ಲೀಗ್ ಆದ ಎನ್‌ಎಫ್‌ಎಲ್‌ನದೇ ಒಂದು ಸಣ್ಣ ಲೀಗ್ ಇತ್ತು. ಅಲ್ಲಿಂದ ವಾಪಸ್ ಬಂದ ಮೇಲೆ ರೇವನ್ಸ್ ಕೂಡ ಕೈಬಿಟ್ಟರು.

ಎನ್‌ಎಫ್‌ಎಲ್‌ನಲ್ಲಿ ಒಬ್ಬ ಆಟಗಾರನ ಸರಾಸರಿ ಆಯಸ್ಸು ಮೂರು ವರ್ಷ ಚಿಲ್ಲರೆ. ಹ್ಯಾರಿಸನ್‌ಗೆ 26 ವಯಸ್ಸು, ಎರಡು ವರ್ಷ ಆಗಲೇ ಕಳೆದಿತ್ತು, ಕೈಯಲ್ಲಿ ಏನೂ ಇರಲಿಲ್ಲ. ಸಾಮಾನ್ಯವಾಗಿ ಇಲ್ಲಿಗೆ ಕಥೆ ಮುಗಿಯುತ್ತದೆ. ಬಹಳ ಜನರದ್ದು ಹೀಗೇ ಮುಗಿದಿದೆ, ಅವರ ಹೆಸರು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

2004ರ ಬೇಸಿಗೆಯಲ್ಲಿ ಸ್ಟೀಲರ್ಸ್‌ನ ಕ್ಲಾರ್ಕ್ ಹ್ಯಾಗನ್ಸ್ ಭಾರ ಎತ್ತುವಾಗ ಕೈ ಪೆಟ್ಟು ಮಾಡಿಕೊಂಡರು. ಆ ಜಾಗ ತುಂಬಲು ಹ್ಯಾರಿಸನ್‌ಗೆ ಮತ್ತೆ ಕರೆ ಬಂತು. ಅದೇ ವರ್ಷ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಪಂದ್ಯ. ತಂಡದ ದೊಡ್ಡ ಲೈನ್‌ಬ್ಯಾಕರ್ ಜೋಯಿ ಪೋರ್ಟರ್ ಪಂದ್ಯ ಶುರುವಾಗುವ ಮೊದಲೇ, ವಾರ್ಮಪ್ ಹೊತ್ತಲ್ಲಿ, ಎದುರಾಳಿ ವಿಲಿಯಂ ಗ್ರೀನ್ ಜೊತೆ ಹೊಡೆದಾಡಿ ಹೊರಗೆ ಹೋದರು. ಹ್ಯಾರಿಸನ್ ಮೊದಲ ಸಲ ಶುರುವಿನಿಂದ ಆಡಿದ್ದು ಹಾಗೆ, ಒಂದು ಸ್ಯಾಕನ್ನೂ ಪಡೆದರು. ಒಬ್ಬರ ಕೈ ಮುರಿತ, ಇನ್ನೊಬ್ಬರ ಜಗಳ. ಕಷ್ಟಪಟ್ಟರೆ ಎಲ್ಲ ಸಿಗುತ್ತದೆ ಅಂತ ಇವರ ಹೆಸರು ಹೇಳಿ ಭಾಷಣ ಮಾಡುವವರು ಈ ಭಾಗವನ್ನು ಮೆಲ್ಲಗೆ ದಾಟಿಸಿಬಿಡುತ್ತಾರೆ.

ಆಮೇಲೂ 2006ರವರೆಗೆ ಬೆಂಚಿನಲ್ಲೇ ಹೆಚ್ಚು ಕಾಲ. 2005ರಲ್ಲಿ ಹೆಸರು ಮಾಡಿದ್ದು ಆಟಕ್ಕಿಂತ ಬೇರೆ ಕಾರಣಕ್ಕೆ. ಕ್ರಿಸ್ಮಸ್ ಹಿಂದಿನ ದಿನ ಅದೇ ಕ್ಲೀವ್‌ಲ್ಯಾಂಡ್‌ನಲ್ಲಿ ಒಬ್ಬ ಪ್ರೇಕ್ಷಕ ಮೈದಾನಕ್ಕೆ ನುಗ್ಗಿದ. ಹ್ಯಾರಿಸನ್ ಅವನನ್ನು ಎತ್ತಿ ನೆಲಕ್ಕೆ ಹಾಕಿ ಹಿಡಿದುಕೊಂಡರು.

2007ರಲ್ಲಿ ತಂಡ ಪೋರ್ಟರ್ ಅವರನ್ನು ಕೈಬಿಟ್ಟಿತು, ಜಾಗ ಇವರದಾಯಿತು. ಆ ನವೆಂಬರ್‌ನಲ್ಲಿ, ತಮ್ಮನ್ನು ಕೈಬಿಟ್ಟಿದ್ದ ಬಾಲ್ಟಿಮೋರ್ ವಿರುದ್ಧ ಒಂದೇ ರಾತ್ರಿ ಮೂರೂವರೆ ಸ್ಯಾಕ್. ಅರ್ಧ ಯಾಕೆ ಅಂದರೆ, ಇಬ್ಬರು ಸೇರಿ ಕೆಡವಿದರೆ ಹಂಚುತ್ತಾರೆ. ಮರುವರ್ಷ 15 ಪಂದ್ಯಕ್ಕೆ 16 ಸ್ಯಾಕ್, ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರ ಪ್ರಶಸ್ತಿ. ಡ್ರಾಫ್ಟ್ ಆಗದ ಒಬ್ಬರಿಗೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಗಿಡ್ಡ ಅಂತ ಬಿಟ್ಟಿದ್ದರಲ್ವಾ, ಆ ಎತ್ತರವೇ ಅವರಿಗೆ ಅನುಕೂಲವಾಯಿತು. ಆರೂವರೆ ಅಡಿಯ ಎದುರಾಳಿ ಎಷ್ಟು ಬಗ್ಗಿದರೂ ಹ್ಯಾರಿಸನ್ ಅವನ ತೋಳಿನ ಕೆಳಗೆ ನುಸುಳಿ ಮೇಲಕ್ಕೆ ತಳ್ಳುತ್ತಿದ್ದರು. ಕಬಡ್ಡಿಯಲ್ಲಿ ಗಿಡ್ಡ ಡಿಫೆಂಡರ್ ರೈಡರ್‌ನ ಸೊಂಟಕ್ಕೆ ಹೋಗುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಈಗ ಎಲ್ಲರಿಗೂ ಗೊತ್ತಿರುವ ಆಟಕ್ಕೆ ಬರೋಣ. 2009ರ ಫೆಬ್ರವರಿ 1, ಟ್ಯಾಂಪಾ, ಅರಿಜೋನಾ ಕಾರ್ಡಿನಲ್ಸ್ ವಿರುದ್ಧ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್. ಭಾರತದಲ್ಲಿ ಸೋಮವಾರ ಬೆಳಗಿನ ಜಾವ. ಸ್ಟೀಲರ್ಸ್ 10-7 ಮುಂದಿದ್ದರು. ಮೊದಲ ಅರ್ಧ ಮುಗಿಯಲು 18 ಸೆಕೆಂಡ್. ಅರಿಜೋನಾ, ದಾಟಿದರೆ ಅಂಕ ಸಿಗುವ ಗೆರೆಯಿಂದ ಒಂದೇ ಗಜ ದೂರದಲ್ಲಿತ್ತು. ಡಿಫೆನ್ಸ್ ತಂತ್ರ ರೂಪಿಸುತ್ತಿದ್ದ ಡಿಕ್ ಲೆಬೊ ಹೇಳಿದ್ದು ನುಗ್ಗಿ ಅಂತ. ಹ್ಯಾರಿಸನ್ ನುಗ್ಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟಂತೆ ಮಾಡಿ ಪಕ್ಕಕ್ಕೆ ಸರಿದರು. ಇಷ್ಟು ಹತ್ತಿರದಿಂದ ಅರಿಜೋನಾದ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್ ಚೆಂಡನ್ನು ಬೇಗ ಎಸೆದುಬಿಡುತ್ತಾರೆ, ತಾವು ತಲುಪುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ ಅನ್ನುವ ಲೆಕ್ಕ. ವಾರ್ನರ್ ಆಂಕ್ವಾನ್ ಬೋಲ್ಡಿನ್‌ಗೆ ಎಸೆದರು. ಚೆಂಡು ನೇರ ಹ್ಯಾರಿಸನ್ ಎದೆಗೆ ಬಂತು.

ಅಲ್ಲಿಂದ ಓಟ. 110 ಕಿಲೋ ತೂಕದ, 30 ವರ್ಷದ ಮನುಷ್ಯ ಮೈದಾನದ ಈ ತುದಿಯಿಂದ ಆ ತುದಿಗೆ 100 ಗಜ ಓಡಬೇಕು. ಸಮಯ ಮುಗಿಯುತ್ತಿದೆ, ದಾರಿಯಲ್ಲಿ ಕೆಡವಿದರೆ ಚೆಂಡನ್ನು ಒದ್ದು ಮೂರು ಅಂಕ ಹೊಡೆಯುವ ಅವಕಾಶವೂ ಸಿಗೋದು ಅನುಮಾನ. ಆ ವಿಡಿಯೋ ನೋಡುವಾಗ ಹ್ಯಾರಿಸನ್‌ನ ನೋಡಬೇಡಿ, ಅವರ ಸುತ್ತ ಇರುವವರನ್ನು ನೋಡಿ. ಡಿಫೆನ್ಸ್ ಆಟಗಾರರೆಲ್ಲ ಒಂದೇ ಕ್ಷಣದಲ್ಲಿ ಕಾವಲುಗಾರರಾಗಿ ಬದಲಾಗಿ ಒಬ್ಬೊಬ್ಬರನ್ನೇ ಪಕ್ಕಕ್ಕೆ ತಳ್ಳುತ್ತಾರೆ. ಅರಿಜೋನಾದ ಲ್ಯಾರಿ ಫಿಟ್ಜೆರಾಲ್ಡ್ ಹಿಡಿಯಲು ಓಡುತ್ತಾ ಮೈದಾನದ ಪಕ್ಕದ ಗೆರೆಯಾಚೆ ಹೋಗಿ, ಅಲ್ಲಿ ನಿಂತಿದ್ದ ತಮ್ಮದೇ ತಂಡದವರಿಗೆ ಡಿಕ್ಕಿ ಹೊಡೆಯುತ್ತಾರೆ. ಆದರೂ ಕೊನೆಗೆ ಬಂದು ಹಿಡಿದೇ ಹಿಡಿದರು, ಹ್ಯಾರಿಸನ್ ಗೆರೆ ದಾಟುತ್ತಾ ತಲೆಕೆಳಗಾಗಿ ಬಿದ್ದರು. ಸಮಯ ಸೊನ್ನೆ. 17-7. ಅವರು ಎಷ್ಟೋ ಹೊತ್ತು ಮೇಲೇಳಲಿಲ್ಲ, ಆಮ್ಲಜನಕ ಕೊಡಬೇಕಾಯಿತು.

ಸ್ಟೀಲರ್ಸ್ ಗೆದ್ದದ್ದು 27-23. ಅಂತರ ಬರೀ ನಾಲ್ಕು. ಕೊನೆಯ ನಿಮಿಷದಲ್ಲಿ ಚೆಂಡು ಹಿಡಿದ ಸ್ಯಾಂಟೋನಿಯೋ ಹೋಮ್ಸ್‌ಗೆ ಪಂದ್ಯಶ್ರೇಷ್ಠ ಪ್ರಶಸ್ತಿ ಹೋಯಿತು. ಡಿಫೆನ್ಸ್‌ನವರ ಪಾಡು ಅಷ್ಟೇ.

ಅದೇ ಏಪ್ರಿಲ್‌ನಲ್ಲಿ ಆರು ವರ್ಷಕ್ಕೆ 51 ಮಿಲಿಯನ್ ಡಾಲರ್ ಒಪ್ಪಂದವಾಯಿತು. ಕೇಳಲು ಭಾರಿ ಮೊತ್ತ. ಆದರೆ ಈ ಲೀಗಿನಲ್ಲಿ ಒಪ್ಪಂದದ ದೊಡ್ಡ ಪಾಲಿಗೆ ಖಾತರಿ ಇರುವುದಿಲ್ಲ. ಮಧ್ಯದಲ್ಲಿ ತಂಡ ಬೇಡ ಅಂದರೆ ಮುಗಿಯಿತು. ಹ್ಯಾರಿಸನ್ ವಿಷಯದಲ್ಲೂ ಹಾಗೇ ಆಯಿತು. ಸಂಬಳ ಕಡಿಮೆ ಮಾಡಲು ಒಪ್ಪದಿದ್ದಾಗ 2013ರಲ್ಲಿ ಬಿಟ್ಟರು.

ಅದಕ್ಕೂ ಮೊದಲು ಇನ್ನೊಂದು ಗಲಾಟೆ ನಡೆದಿತ್ತು. ತಲೆಗೆ ಬೀಳುವ ಪೆಟ್ಟುಗಳು ಮಿದುಳಿಗೆ ಏನು ಮಾಡುತ್ತವೆ ಅನ್ನೋದು ಆ ವರ್ಷಗಳಲ್ಲಿ ದೊಡ್ಡ ವಿಷಯವಾಗಿ, ಲೀಗ್ ನಿಯಮಗಳನ್ನು ಬಿಗಿ ಮಾಡಿತು. 2010ರ ಅಕ್ಟೋಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ಮೊಹಮದ್ ಮಸಾಕ್ವಾಗೆ ಹೊಡೆದ ಪೆಟ್ಟಿಗೆ ಹ್ಯಾರಿಸನ್‌ಗೆ 75,000 ಡಾಲರ್ ದಂಡ ಬಿತ್ತು. ಸಿಟ್ಟಿನಲ್ಲಿ ಅಭ್ಯಾಸ ಬಿಟ್ಟು ಮನೆಗೆ ಹೋದರು, ನಿವೃತ್ತಿಯಾಗುತ್ತೇನೆ ಅಂತಲೂ ಯೋಚಿಸಿದರು, ಮರುದಿನ ಬಂದರು. ಮರುವರ್ಷ ಕೋಲ್ಟ್ ಮೆಕಾಯ್‌ಗೆ ಹೊಡೆದಾಗ ಒಂದು ಪಂದ್ಯ ನಿಷೇಧ. ಹೊಸ ಬಿಗಿ ನಿಯಮದಡಿ ನಿಷೇಧಕ್ಕೊಳಗಾದ ಮೊದಲ ಆಟಗಾರ ಅವರೇ.

ನನ್ನ ಅಭಿಪ್ರಾಯ ಕೇಳಿದರೆ, ದಂಡ ಸರಿಯೇ ಇತ್ತು. ಆ ಪೆಟ್ಟುಗಳನ್ನು ಈಗ ನೋಡಿದರೆ ಮೈ ಜುಂ ಅನ್ನುತ್ತದೆ. ಆದರೆ ಅವರ ಸಿಟ್ಟೂ ಸುಮ್ನೆ ಹಠವಲ್ಲ. ಯಾವ ಕೆಲಸಕ್ಕೆ ಪ್ರಶಸ್ತಿ ಮತ್ತು 51 ಮಿಲಿಯನ್ ಕೊಟ್ಟರೋ, ಎರಡೇ ವರ್ಷದಲ್ಲಿ ಅದೇ ಕೆಲಸಕ್ಕೆ ದಂಡ ಹಾಕಿದರು. ಅವರ ಪೆಟ್ಟಿನ ವಿಡಿಯೋ ತೋರಿಸಿ ಜಾಹೀರಾತಿನ ದುಡ್ಡು ಮಾಡಿದವರು ಆ ಹಣವನ್ನೇನೂ ವಾಪಸ್ ಕೊಡಲಿಲ್ಲ.

ಸಿನ್ಸಿನಾಟಿಯಲ್ಲಿ ಒಂದು ಸಪ್ಪೆ ವರ್ಷ. 2014ರ ಸೆಪ್ಟೆಂಬರ್ ಮೊದಲ ವಾರ ನಿವೃತ್ತಿ ಘೋಷಣೆ. ಮೂರು ವಾರವೂ ಆಗಿರಲಿಲ್ಲ, ಸ್ಟೀಲರ್ಸ್‌ನ ಯುವ ಆಟಗಾರ ಜಾರ್ವಿಸ್ ಜೋನ್ಸ್ ಮಣಿಕಟ್ಟಿಗೆ ಪೆಟ್ಟಾಯಿತು. ಮತ್ತೆ ಕರೆ ಬಂತು. ನಿವೃತ್ತಿ ಗಿವೃತ್ತಿ ಎಲ್ಲ ಬಿಟ್ಟು ಹ್ಯಾರಿಸನ್ ಮತ್ತೆ ಬಂದರು. 2016ರಲ್ಲಿ ಜೇಸನ್ ಗಿಲ್ಡನ್ ದಾಖಲೆ ಮುರಿದು ಆ ತಂಡದಲ್ಲಿ ಅತಿ ಹೆಚ್ಚು ಸ್ಯಾಕ್ ಪಡೆದವರಾದರು.

ನನಗೆ ಸೂಪರ್ ಬೌಲ್ ಓಟಕ್ಕಿಂತ ಹೆಚ್ಚು ಇಷ್ಟವಾಗಿದ್ದು 2017ರ ಜನವರಿಯ ಒಂದು ಆಟ. ಅಂಕಪಟ್ಟಿಯಲ್ಲಿ ಅದು ಇವರ ಹೆಸರಿಗೆ ಬರುವುದೇ ಇಲ್ಲ. ಕ್ಯಾನ್ಸಸ್ ಸಿಟಿಯಲ್ಲಿ ಪ್ಲೇಆಫ್ ಪಂದ್ಯ, ಸ್ಟೀಲರ್ಸ್ 18-16 ಮುಂದೆ. ಕ್ಯಾನ್ಸಸ್ ಸಿಟಿ ಎರಡು ಅಂಕದ ಪ್ರಯತ್ನ ಮಾಡಿ ಸಮ ಮಾಡಿತು. ಆದರೆ ಅವರ ತಂಡದ ಎರಿಕ್ ಫಿಶರ್ ಹ್ಯಾರಿಸನ್‌ನ ತಡೆಯಲಾಗದೆ ಕುತ್ತಿಗೆಗೆ ತೋಳು ಹಾಕಿ ಹಿಡಿದಿದ್ದರು. ರೆಫರಿ ತಪ್ಪಿನ ಗುರುತಾಗಿ ಹಳದಿ ಬಟ್ಟೆ ಎಸೆದರು, ಅಂಕ ರದ್ದಾಯಿತು, ಎರಡನೇ ಪ್ರಯತ್ನ ಫಲಿಸಲಿಲ್ಲ. ಫಿಶರ್ 2013ರ ಡ್ರಾಫ್ಟ್‌ನ ಮೊದಲನೇ ಹೆಸರು. ಹ್ಯಾರಿಸನ್ ಯಾವ ಪಟ್ಟಿಯಲ್ಲೂ ಇಲ್ಲದವರು, ಆಗ 38 ವರ್ಷ.

ಕೊನೆ ಅಷ್ಟು ಚೆನ್ನಾಗಿರಲಿಲ್ಲ. 2017ರಲ್ಲಿ ಸ್ಟೀಲರ್ಸ್ ಟಿ.ಜೆ. ವಾಟ್‌ನ ತಂದರು, ಹ್ಯಾರಿಸನ್‌ಗೆ ಆಡಲು ಅವಕಾಶವೇ ಸಿಗಲಿಲ್ಲ. ಡಿಸೆಂಬರ್‌ನಲ್ಲಿ ತಂಡ ಅವರನ್ನು ಕೈಬಿಟ್ಟಿತು. ಮೂರು ದಿನಕ್ಕೆ ಅವರು ಪರಮ ಎದುರಾಳಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಸೇರಿದರು, ಇನ್ನೊಂದು ಸೂಪರ್ ಬೌಲ್ ಆಡಿ ಸೋತರು. 84.5 ಸ್ಯಾಕ್, ಎರಡು ಚಾಂಪಿಯನ್‌ಶಿಪ್ ಉಂಗುರದೊಂದಿಗೆ 2018ರಲ್ಲಿ ಆಟ ಬಿಟ್ಟರು. ತಂಡದ ಆ ಸ್ಯಾಕ್ ದಾಖಲೆಯನ್ನು ಆಮೇಲೆ ಮುರಿದಿದ್ದು ಅದೇ ಟಿ.ಜೆ. ವಾಟ್. ಪಿಟ್ಸ್‌ಬರ್ಗ್ ಅಭಿಮಾನಿಗಳಲ್ಲಿ ಕೆಲವರು ಪೇಟ್ರಿಯಟ್ಸ್ ಸೇರಿದ್ದನ್ನು ಇನ್ನೂ ದ್ರೋಹ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಷ್ಟು ಸಲ ಹೊರಗೆ ಹಾಕಿಸಿಕೊಂಡವರು ಬಂದ ಕೆಲಸಕ್ಕೆ ಯಾಕೆ ಬೇಡ ಅನ್ನಬೇಕು?