ಕಲೆಕ್ಟರ್ ಎಂದರೆ ತಪ್ಪೇನು?

ಸಿರುಗುಪ್ಪದ ಓದುಗರೊಬ್ಬರು ಕೇಳಿದ್ದಾರೆ: “ಜಿಲ್ಲಾಧಿಕಾರಿ ಎಂಬ ಚೆಂದದ ಪದವಿರುವಾಗ ಬಳ್ಳಾರಿಯ ಜನ ಇಂದಿಗೂ ‘ಕಲೆಕ್ಟರ್ ಆಫೀಸು’ ಎನ್ನುವುದೇಕೆ? ತಹಸೀಲ್ದಾರರಿಗಿಲ್ಲದ ಈ ಇಂಗ್ಲಿಷ್ ದಾಸ್ಯ ಅವರ ಮೇಲಿನವರಿಗೇಕೆ? ಅಷ್ಟಕ್ಕೂ ಆ ಪದದ ಅರ್ಥವೇನು?”

ಆಡಳಿತ ಕನ್ನಡದಲ್ಲಿ ನಡೆಯಬೇಕೆಂಬ ನಿಮ್ಮ ಮಾತಿಗೆ ನಮ್ಮ ತಕರಾರಿಲ್ಲ. ಆದರೆ ತಹಸೀಲ್ದಾರರನ್ನು ಸಾಕ್ಷಿಗೆ ಕರೆದು ನಿಮ್ಮ ವ್ಯಾಜ್ಯವನ್ನು ನೀವೇ ಸೋತಿದ್ದೀರಿ. ಅರಬ್ಬಿಯ ‘ತಹಸೀಲ್’ ಎಂದರೆ ವಸೂಲಿ. ಅದಕ್ಕೆ ಪಾರಸಿಯ ‘ದಾರ್’ ಸೇರಿದರೆ ವಸೂಲಿ ಮಾಡುವವನು. ಕಲೆಕ್ಟರ್ ಎಂದರೂ ಅದೇ. ಲ್ಯಾಟಿನ್ನಿನಲ್ಲಿ ‘ಕೂಡಿಸು’ ಎಂಬರ್ಥದ ಕ್ರಿಯಾಪದದಿಂದ ಹುಟ್ಟಿದ ಪದವದು. ಅದರ ಮೂಲಧಾತುವಿಗೆ ‘ಆಯ್ದುಕೊಳ್ಳು’, ‘ಓದು’ ಎಂಬ ಎರಡೂ ಅರ್ಥಗಳಿರುವುದರಿಂದ ನಿಮ್ಮೂರಿನ ಕಾಲೇಜಿನ ಲೆಕ್ಚರರ್ ಕೂಡ ಇದೇ ಮನೆತನದವರು!

ಬಂಗಾಳದ ಕಂದಾಯವನ್ನು ಈಸ್ಟ್ ಇಂಡಿಯಾ ಕಂಪನಿಯೇ ನೇರವಾಗಿ ವಹಿಸಿಕೊಂಡ 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಜಿಲ್ಲೆಗಳಿಗೆ ಕಲೆಕ್ಟರುಗಳನ್ನು ನೇಮಿಸಿದ. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಬಿಟ್ಟುಕೊಟ್ಟಾಗ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರಾಗಿ ಬಂದು, ಹೊಲಗಳನ್ನು ಅಳೆಸಿ, ರೈತರೊಡನೆ ನೇರವಾಗಿ ಕಂದಾಯ ಗೊತ್ತುಮಾಡಿ, 1807ರವರೆಗೆ ಇಲ್ಲಿದ್ದ. ಅವನು ಬಂದದ್ದು ವಸೂಲಿಗೆ; ಹೆಸರೂ ಅದನ್ನು ಮುಚ್ಚಿಡಲಿಲ್ಲ. ನನಗೆ ಆ ಪದದಲ್ಲಿ ಹಿಡಿಸಿದ್ದು ಈ ನಿಷ್ಠುರತೆಯೇ.

ತುಂಗಭದ್ರೆಯ ಆಚೆ ಕಥೆ ಬೇರೆ. ನಿಜಾಮರ ಸೀಮೆಯಲ್ಲಿ ಜಿಲ್ಲೆಯ ದೊರೆಯೆಂದರೆ ಅವ್ವಲ್ ತಾಲೂಕುದಾರ. ಲಿಂಗಸುಗೂರಿನ ಕಡೆಯವರಾದ ನಮ್ಮ ತಾತ, ರಾಯಚೂರು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲೂ, “ತಾಲೂಕುದಾರ ಸಾಹೇಬರು ಬರ್ತಾರಂತ, ಅಂಗಳ ಬಳೀರಿ” ಎನ್ನುತ್ತಿದ್ದರು. ಜಿಲ್ಲಾಧಿಕಾರಿಗೆ ಇಂಗ್ಲಿಷಿನಲ್ಲಿರುವ ಡೆಪ್ಯುಟಿ ಕಮಿಷನರ್ ಎಂಬ ಹೆಸರು ಮೈಸೂರಿನ ಬಳುವಳಿ. 1881ರಲ್ಲಿ ಅರಸರಿಗೆ ರಾಜ್ಯ ಮರಳಿದಾಗ ಅದುವರೆಗೆ ಆಳುತ್ತಿದ್ದ ಬ್ರಿಟಿಷ್ ಕಮಿಷನರ್ ಹೊರಟುಹೋದರು, ಅವರ ಡೆಪ್ಯುಟಿಗಳು ಮಾತ್ರ ಉಳಿದರು. 1953ರಲ್ಲಿ ಮೈಸೂರಿಗೆ ಸೇರಿದ ಬಳ್ಳಾರಿಗೂ ಆ ಹೆಸರೇ ಬಂತು.

ಇನ್ನು ‘ಜಿಲ್ಲಾಧಿಕಾರಿ’. ಜಿಲ್ಲೆ ಅರಬ್ಬಿಯದು, ಅಧಿಕಾರಿ ಸಂಸ್ಕೃತದ್ದು. ಚೆಂದದ ಕನ್ನಡವೆಂದು ನೀವು ಎತ್ತಿ ಹಿಡಿದ ಪದದ ಜಾತಕವಿದು. ಬೆರಕೆಯ ಬಗ್ಗೆ ನನಗೆ ಬೇಸರವಿಲ್ಲ, ಆ ಪದ ಅಧಿಕಾರವಿದೆಯೆಂದು ಸಾರುತ್ತದೆಯೇ ಹೊರತು ಕೆಲಸವೇನೆಂದು ಹೇಳುವುದಿಲ್ಲವೆಂಬುದೇ ಬೇಸರ. ಕೆರೆಯ ನೀರನ್ನು ಗದ್ದೆಗದ್ದೆಗೆ ಹಂಚುತ್ತಿದ್ದವನನ್ನು ನಮ್ಮ ಹಿರಿಯರು ನೀರಗಂಟಿ ಎಂದರು. ಇಂದು ಕಚೇರಿಯ ಬಾಗಿಲು ತೆರೆದು, ಕಡತ ಹೊತ್ತು, ಚಹಾ ತರುವವರೆಲ್ಲ ‘ಡಿ ಗ್ರೂಪ್ ನೌಕರ’ರು. ಒಂದು ಅಕ್ಷರದಲ್ಲಿ ಮನುಷ್ಯನನ್ನೂ ಕಸುಬನ್ನೂ ಅಳಿಸಿಬಿಟ್ಟಿದ್ದೇವೆ. ನಿಮ್ಮ ಕನ್ನಡದ ಸಿಟ್ಟು ಅದರ ಮೇಲೆ ತಿರುಗಿದ್ದರೆ ನಾನೂ ನಿಮ್ಮ ಜೊತೆಗೆ ಸಹಿ ಹಾಕುತ್ತಿದ್ದೆ.

ನಮ್ಮ ವರದಿಗಳಲ್ಲಿ ಜಿಲ್ಲಾಧಿಕಾರಿ ಎಂದೇ ಅಚ್ಚಾಗುತ್ತದೆ. ಓದುಗರ ಪತ್ರಗಳಲ್ಲಿ ಬರುವ ಕಲೆಕ್ಟರನ್ನು ಮಾತ್ರ ತಿದ್ದುವುದಿಲ್ಲ. ನಿಮ್ಮ ಪತ್ರದಲ್ಲಿಯೂ ತಿದ್ದಿಲ್ಲ.