ಅತ್ತೆಯವರನ್ನು ಚೇರ್‌ಲಿಫ್ಟ್ ಹತ್ತಿಸಬಹುದಾ?

ತಂಗಿ, ನಿಮ್ಮ ಪ್ರಶ್ನೆ ಓದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊಗೆ ಬಂದು ನಾಲ್ಕು ತಿಂಗಳಾಯಿತು, ಜೂನ್‌ನಲ್ಲಿ ಅತ್ತೆ ಮಾವ ಬರುತ್ತಾರೆ, ಡೆಲ್ ಮಾರ್‌ನ ಜಿಲ್ಲಾ ಮೇಳವಾದ ಕೌಂಟಿ ಫೇರ್‌ಗೆ ಕರೆದುಕೊಂಡು ಹೋಗಬಹುದಾ, ಸೀರೆ ಉಟ್ಟವರಿಗೆ ಅಲ್ಲಿನ ಚೇರ್‌ಲಿಫ್ಟ್, ಅಂದರೆ ಜನರ ತಲೆಯ ಮೇಲೆ ಹಗ್ಗಕ್ಕೆ ತೂಗುತ್ತಾ ಸಾಗುವ ಕುರ್ಚಿ, ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಬೇರೆ ಎಲ್ಲ ಆಟ ಬಿಟ್ಟರೂ ಪರವಾಗಿಲ್ಲ, ಚೇರ್‌ಲಿಫ್ಟ್ ಮಾತ್ರ ಬಿಡಬೇಡಿ.

ಯಾಕೆ ಅಂತ ಹೇಳುತ್ತೇನೆ. ನಾನು ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಮೊದಲ ವರ್ಷ ನನಗೆ ಇಲ್ಲಿ ಜನರೇ ಕಾಣಿಸುತ್ತಿರಲಿಲ್ಲ. ಫ್ರೀವೇ ತುಂಬ ಕಾರು, ಬೀದಿ ತುಂಬ ಮುಚ್ಚಿದ ಗ್ಯಾರೇಜ್ ಬಾಗಿಲು. ಈ ಊರಲ್ಲಿ ಮನುಷ್ಯರು ಎಲ್ಲಿದ್ದಾರೆ ಅನ್ನಿಸುತ್ತಿತ್ತು. ನಿಮಗೂ ಈಗ ಹಾಗೇ ಅನ್ನಿಸುತ್ತಿರಬಹುದು, ಅಲ್ವಾ? ಆ ಬೇಸಿಗೆಯಲ್ಲಿ ಫೇರ್‌ಗೆ ಹೋಗಿ ಚೇರ್‌ಲಿಫ್ಟ್‌ನಲ್ಲಿ ಕೂತೆ. ಕುರ್ಚಿ ಮೇಲೇರಿದ ಹಾಗೆ ಕಾಲ ಕೆಳಗೆ ಜನವೋ ಜನ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಸ್ಪ್ಯಾನಿಷ್‌ನಲ್ಲಿ ಜೋರಾಗಿ ಮಾತಾಡುತ್ತಾ ಹೋಗುವ ದೊಡ್ಡ ಸಂಸಾರಗಳು, ಕೈಯಲ್ಲಿ ಸುಟ್ಟ ಜೋಳ ಹಿಡಿದ ಅಜ್ಜ ಅಜ್ಜಿ. ಎಲ್ಲರೂ ನಡೆಯುತ್ತಿದ್ದರು. ಥೇಟ್ ನಮ್ಮ ಜಾತ್ರೆ. ಆವತ್ತು ಮೊದಲ ಸಲ ಇದೂ ಒಂದು ಊರೇ ಅಂತ ಅನ್ನಿಸಿತು.

ನಿಜಕ್ಕೂ ಇದು ದನಗಳ ಜಾತ್ರೆಯ ಜಾತಿಯದೇ. 1880ರಲ್ಲಿ ಶುರುವಾದ ಫೇರ್, ಡೆಲ್ ಮಾರ್‌ನ ಈ ಮೈದಾನಕ್ಕೆ ಬಂದದ್ದು 1936ರಲ್ಲಿ. ರೈತರ ಮಕ್ಕಳು ತಾವೇ ಸಾಕಿದ ಕುರಿ, ಹಂದಿ, ಹೋರಿಗಳನ್ನು ತಂದು ತೋರಿಸುತ್ತಾರೆ, ಹರಾಜಿಗೂ ಇಡುತ್ತಾರೆ. ಅವು ಮಾಂಸಕ್ಕೆ ಹೋಗುತ್ತವೆ ಅನ್ನುವುದನ್ನು ನಿಮ್ಮ ಅತ್ತೆಯವರಿಗೆ ಮೊದಲೇ ಹೇಳಿಬಿಡಿ. ಅಲ್ಲಿ ಹೋದಮೇಲೆ ಗೊತ್ತಾದರೆ ಮನಸ್ಸಿಗೆ ನೋವಾಗುತ್ತದೆ.

ಈಗ ಹತ್ತುವ ವಿಷಯ. ಚೇರ್‌ಲಿಫ್ಟ್ ನಮಗಾಗಿ ನಿಲ್ಲುವುದಿಲ್ಲ, ಕುರ್ಚಿ ಬರುತ್ತಲೇ ಇರುತ್ತದೆ. ಹೇಳಿದ ಜಾಗದಲ್ಲಿ ಹೋಗಿ ನಿಲ್ಲಬೇಕು, ಹಿಂದಕ್ಕೆ ತಿರುಗಿ ನೋಡುತ್ತಿರಬೇಕು, ಕುರ್ಚಿ ಮಂಡಿಯ ಹಿಂದೆ ತಾಗಿದ ಕೂಡಲೇ ಕೂತುಬಿಡಬೇಕು. ಆಮೇಲೆ ಮುಂದಿನ ಕಂಬಿ ಎಳೆದುಕೊಂಡರೆ ಆಯಿತು. ಇಳಿಯುವಾಗ ಎದ್ದು ನಾಲ್ಕು ಹೆಜ್ಜೆ ಬೇಗ ಪಕ್ಕಕ್ಕೆ ಹೋಗಬೇಕು. ಕಷ್ಟ ಇರುವುದು ಇಲ್ಲೇ. ಅತ್ತೆಯವರಿಗೆ ಮಂಡಿ ನೋವು ಜಾಸ್ತಿ ಇದ್ದರೆ ದಯವಿಟ್ಟು ಒತ್ತಾಯ ಮಾಡಬೇಡಿ. ಸುಮಾರಾಗಿ ನಡೆಯುತ್ತಾರೆ ಅಂದರೆ, ಅಲ್ಲಿ ನಿಂತಿರುವ ಹುಡುಗರಿಗೆ ಮೊದಲೇ ಹೇಳಿ, ನಿಧಾನ ಮಾಡಿಕೊಡುತ್ತಾರೆ.

ಸೀರೆ ಅಡ್ಡಿ ಅಲ್ಲ. ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಬೇಕು, ನಿರಿಗೆಗೆ ಎರಡು ಪಿನ್ನು ಜಾಸ್ತಿ ಹಾಕಬೇಕು. ನನ್ನ ಕೇಳಿದರೆ ಚೂಡಿದಾರ ವಾಸಿ, ಆದರೆ ದುಪಟ್ಟಾ ಬ್ಯಾಗಿನೊಳಗೆ ಇರಲಿ. ಚಪ್ಪಲಿ ಬೇಡವೇ ಬೇಡ. ಕಾಲು ಗಾಳಿಯಲ್ಲಿ ತೂಗುತ್ತಿರುತ್ತದೆ, ಕೆಳಗೆ ಜನ ಇರುತ್ತಾರೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಇಲ್ಲವೇ ಶೂ ಹಾಕಿಸಿ.

ಮೊದಲು ಹೆದರುತ್ತಾರೆ, ಅದು ಸಹಜ. ನಮ್ಮ ಅಪ್ಪ ಬಂದಾಗ ಹತ್ತುವ ಮುಂಚೆ ಒಂದೇ ಪ್ರಶ್ನೆ ಕೇಳಿದರು: "ಈ ಹಗ್ಗದ ಗಂಟು ಎಲ್ಲಿದೆ?" ತಿಪಟೂರು ಕಡೆಯ ತೆಂಗಿನ ತೋಟದವರು, ನಾರಿನ ಹಗ್ಗ ಹೊಸೆದ ಕೈ. ಎರಡು ತುದಿಯ ದೊಡ್ಡ ಗಾಲಿಗಳ ಮೇಲೆ ಸುತ್ತುತ್ತಲೇ ಇರುವ ಹಗ್ಗಕ್ಕೆ ಎಲ್ಲೋ ಒಂದು ಕಡೆ ಸೇರಿಕೆ ಇರಲೇಬೇಕಲ್ಲ! ನಾನು ಓದಿಕೊಂಡಿದ್ದನ್ನು ಹೇಳಿದೆ. ಗಂಟು ಹಾಕುವುದಿಲ್ಲ. ಉಕ್ಕಿನ ಹಗ್ಗದ ಎರಡೂ ತುದಿಗಳನ್ನು ಬಿಚ್ಚಿ, ಎಳೆಗೆ ಎಳೆ ಹೆಣೆಯುತ್ತಾ ಹತ್ತಾರು ಅಡಿ ಉದ್ದಕ್ಕೆ ಸೇರಿಸುತ್ತಾರೆ. ದಪ್ಪ ಹೆಚ್ಚುಕಡಿಮೆ ಒಂದೇ ಇರುವುದರಿಂದ ಗಾಲಿಯ ಮೇಲೆ ಸಲೀಸಾಗಿ ಹೋಗುತ್ತದೆ. ಅಪ್ಪ ತಲೆ ಅಲ್ಲಾಡಿಸಿ "ಹಂಗಾದ್ರೆ ಸರಿ" ಅಂದು ಹತ್ತೇಬಿಟ್ಟರು. ಮೇಲೆ ಹೋದಮೇಲೆ ಇನ್ನೊಂದು ಹೇಳಿದೆ. ಪ್ರಪಂಚದ ಮೊದಲ ಚೇರ್‌ಲಿಫ್ಟ್ ಶುರುವಾದದ್ದು 1936ರಲ್ಲಿ, ಇಡಾಹೊ ರಾಜ್ಯದ ಸನ್ ವ್ಯಾಲಿಯಲ್ಲಿ, ಹಿಮದ ಗುಡ್ಡಕ್ಕೆ ಸ್ಕೀ ಆಡುವವರನ್ನು ಹತ್ತಿಸುವುದಕ್ಕೆ. ಅದನ್ನು ರೂಪಿಸಿದ ಯೂನಿಯನ್ ಪೆಸಿಫಿಕ್ ರೈಲ್ವೆಯ ಎಂಜಿನಿಯರ್ ಜೇಮ್ಸ್ ಕರ‍್ರನ್‌ಗೆ ಈ ಉಪಾಯ ಹೊಳೆದದ್ದು ಹಡಗಿಗೆ ಬಾಳೆಗೊನೆ ತುಂಬುವ ಏರ್ಪಾಟಿನಿಂದ. ಕೊನೆಯಿಲ್ಲದೆ ಸುತ್ತುವ ಹಗ್ಗ, ಅದಕ್ಕೆ ಕೊಕ್ಕೆ, ಕೊಕ್ಕೆಗೆ ಗೊನೆ. ಕೊಕ್ಕೆಯ ಜಾಗದಲ್ಲಿ ಅವರು ಕುರ್ಚಿ ತೂಗುಹಾಕಿದರು. ಅಪ್ಪನಿಗೆ ಬಾಳೆಗೊನೆಯ ಕತೆ ಬಹಳ ಹಿಡಿಸಿತು. ಆಮೇಲೆ ತೋಟದ ಮಾತು ಶುರುವಾಯಿತು, ಬೋರ್‌ವೆಲ್ ಬತ್ತಿದ್ದು, ಸಾಲ, ಫೋನಿನಲ್ಲಿ ಒಂದು ದಿನವೂ ಹೇಳದೇ ಇದ್ದದ್ದು. ಎದುರು ಮುಖ ಇರಲಿಲ್ಲ, ಇಬ್ಬರೂ ಮುಂದೆ ನೋಡಿಕೊಂಡು ಕೂತಿದ್ದೆವು. ಅದಕ್ಕೇ ಹೇಳಿದರೋ ಏನೋ. ಇಳಿದ ಮೇಲೆ ಇನ್ನೊಂದು ಸಲ ಹತ್ತಿದೆವು.

ಒಂದೆರಡು ಸಣ್ಣ ವಿಷಯ. ಚೇರ್‌ಲಿಫ್ಟ್ ಟಿಕೆಟ್ ಪ್ರವೇಶದ ಟಿಕೆಟ್‌ನಲ್ಲಿ ಸೇರಿಲ್ಲ, ಬೇರೆ ಕೊಳ್ಳಬೇಕು. ಫೇರ್ ವಾರದ ಎಲ್ಲ ದಿನವೂ ಇರುವುದಿಲ್ಲ, ನೋಡಿಕೊಂಡು ಹೊರಡಿ. ಜೂನ್ ಅಂದರೆ ಬಿಸಿಲು ಅಂದುಕೊಳ್ಳಬೇಡಿ. ಸಮುದ್ರ ಹತ್ತಿರ, ಬೆಳಿಗ್ಗೆ ಮೋಡ ಕವಿದಿರುತ್ತದೆ, ಸಂಜೆ ಮೇಲೆ ಕೂತಾಗ ಗಾಳಿ ಕೊರೆಯುತ್ತದೆ. ಮಾವನವರಿಗೆ ಸ್ವೆಟರ್, ಅತ್ತೆಯವರ ಕಿವಿಗೆ ಒಂದು ಟೋಪಿ ಇರಲಿ. ಹೋದ ಕೂಡಲೇ ಒಂದು ಸಲ ಹತ್ತಿ, ಯಾವುದು ಎಲ್ಲಿದೆ ಅಂತ ಗೊತ್ತಾಗುತ್ತದೆ. ದೀಪ ಹತ್ತುವ ಹೊತ್ತಿಗೆ ಇನ್ನೊಂದು ಸಲ.

ಮತ್ತೆ, ಒಂದು ಕುರ್ಚಿಯಲ್ಲಿ ಇಬ್ಬರೇ. ಮಾವನವರ ಜೊತೆ ನಿಮ್ಮ ಯಜಮಾನರು ಕೂರಲಿ. ಅತ್ತೆಯವರ ಪಕ್ಕ ನೀವೇ ಕೂತುಕೊಳ್ಳಿ.